ಎರಡನೇ ಡಿಸ್ಕಿನಲ್ಲಿ ಬಂದ ತೊಟ್ಟಿಲು

ಇದನ್ನು ಬರೆಯುವುದನ್ನು ನಾಲ್ಕು ವರ್ಷದಿಂದ ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಮೊದಲು ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದುಕೊಂಡೆ. ಪೊರೆ ತೆಗೆಸಿ ಎರಡು ವರ್ಷವಾಯಿತು. ಆಮೇಲೆ ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದೆ. ಅದೂ ಮುಗಿದು ಅವಳೀಗ ಕಾಲೇಜಿಗೆ ಹೋಗುತ್ತಿದ್ದಾಳೆ. ಬರೆದರೆ ಊರಲ್ಲಿ ನನ್ನ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ ಒಂದೇ ನಿಜವಾದ ಕಾರಣ. ಆ ಅಂಜಿಕೆ ಈಗಲೂ ಹೋಗಿಲ್ಲ. ಆದರೆ ನನಗೆ ಎಪ್ಪತ್ತೆರಡು ದಾಟಿತು, ಇನ್ನು ಯಾವ ನೆಪ ಹುಡುಕಲಿ?

ನಾನು ದೆವ್ವ, ಪವಾಡ, ಕನಸಿನ ಸೂಚನೆ ಯಾವುದನ್ನೂ ನಂಬಿದವನಲ್ಲ. ಓದಿದ್ದು ಹತ್ತನೇ ತರಗತಿಯವರೆಗೆ ಮಾತ್ರ, ಆದರೆ ಇಪ್ಪತ್ತು ವರ್ಷ ವಿಡಿಯೊ ಕೆಲಸ ಮಾಡಿದ್ದೇನೆ. ಮದುವೆಯ ಕ್ಯಾಸೆಟ್ಟಿನಲ್ಲಿ ಸತ್ತ ಅಜ್ಜ ಕಾಣಿಸಿಕೊಂಡ ಎಂದು ಒಮ್ಮೆ ಕುಷ್ಟಗಿಯವರೊಬ್ಬರು ಓಡಿಬಂದಿದ್ದರು. ಮೊದಲೇ ಬಳಸಿದ ಟೇಪಿನಲ್ಲಿ ಹಳೆಯ ಚಿತ್ರದ ನೆರಳು ಹೊಸದರ ಮೇಲೆ ಹೇಗೆ ಉಳಿಯುತ್ತದೆ ಎಂದು ಅವರಿಗೆ ತೋರಿಸಿ, ನಕ್ಕು ಕಳಿಸಿದ್ದೆ. ಆ ದಿನ ಅವರು ಮುಖ ಸಣ್ಣದು ಮಾಡಿಕೊಂಡು ಹೋದದ್ದು ಈಗ ನೆನಪಾಗುತ್ತದೆ.

ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ನಾನು ಭಾಗ್ಯನಗರದಲ್ಲಿ ವಿಡಿಯೊ ಅಂಗಡಿ ಹಾಕಿದೆ. ಹೆಗಲ ಮೇಲೆ ಹೊರುವ ಕ್ಯಾಮೆರಾ, ಕಣ್ಣು ಕುಕ್ಕುವ ಒಂದು ದೀಪ, ಎರಡು ವಿಸಿಆರ್. ಯಲಬುರ್ಗಾದ ಮದುವೆ, ಗಂಗಾವತಿಯ ಸೀಮಂತ, ಯಾರು ಕರೆದರೂ ಹೋಗುತ್ತಿದ್ದೆ. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ಇದ್ದಳು. ಗಂಡ ಹಮಾಲಿ ಮಾಡುತ್ತಿದ್ದ. ಅವಳು ಮನೆಯ ಕಟ್ಟೆಯ ಮೇಲೆ ಕುಳಿತು ಕೂದಲು ಬಿಡಿಸುತ್ತಿದ್ದಳು. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸೀತು. ಊರೂರು ತಿರುಗಿ ಕೊಂಡು ತಂದ ಹೆಂಗಸರ ಬಾಚಣಿಕೆಯ ಕೂದಲುಂಡೆಗಳನ್ನು ಎಳೆಎಳೆಯಾಗಿ ಬಿಡಿಸಿ, ಉದ್ದ ನೋಡಿ ಜೋಡಿಸಿ ಕೊಡುವುದು ನಮ್ಮಲ್ಲಿ ಎಷ್ಟೋ ಮನೆಗಳ ಕಸುಬು. ಮದುವೆಯಾಗಿ ಆರು ವರ್ಷದ ಮೇಲೆ ಅವಳಿಗೆ ಒಂದು ಹೆಣ್ಣು ಕೂಸು ಹುಟ್ಟಿತು. ಅದರ ತೊಟ್ಟಿಲ ಕಾರ್ಯಕ್ಕೆ ನನ್ನನ್ನು ಕರೆದಳು. ನಮ್ಮ ಓಣಿಯ ಕೂಸು, ದುಡ್ಡು ಬೇಡ ಎಂದು ನಾನೇ ಹೇಳಿದ್ದೆ.

ಆ ದಿನ ಚೆನ್ನಾಗಿ ನೆನಪಿದೆ. ಮೊದಲು ಒರಳಿನ ಗುಂಡಕಲ್ಲನ್ನು ತೊಳೆದು ಕುಂಕುಮ ಹಚ್ಚಿ ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಆಮೇಲೆ ಕೂಸು. ಕೂಸಿನ ಸೋದರತ್ತೆ ಬಗ್ಗಿ ಅದರ ಕಿವಿಯಲ್ಲಿ ಹೆಸರು ಹೇಳಿದಳು. ಹೇಳುತ್ತಿದ್ದಂತೆ ಸುತ್ತಲಿದ್ದ ಹೆಂಗಸರು ಪದ್ಧತಿಯ ಪ್ರಕಾರ ಅವಳ ಬೆನ್ನಿಗೆ ದಬದಬ ಗುದ್ದಿದರು. 

"ಸಾಕ್ರ್ಯವ್ವಾ, ಕೂಸಿಗೆ ಹೆಸರಿಡಾಕ ಬಂದೇನಿ, ಹೆಣ ಆಗಾಕ ಬಂದಿಲ್ಲ!" ಎಂದು ಅವಳು ಕೂಗಿದಳು. 

"ಬೆಳ್ಳಿ ಉಡದಾರ ತರ್ತೀನಂದಾಕಿ ಬರೇ ಕೈಲೆ ಬಂದೀಯಲ್ಲ, ಅದಕ್ಕ ಇನ್ನೆರಡು ತಗೋ!" ಎಂದು ಒಬ್ಬಳು ಮತ್ತೆ ಗುದ್ದಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೂಸಿನ ಹೆಸರು ಶಾರದಾ.

ಕೂಸನ್ನು ಹೆತ್ತ ಅವಳು ನಡುನಡುವೆ ಕ್ಯಾಮೆರಾದ ಕಡೆ ನೋಡಿ, "ಅಣ್ಣಾರ, ಕೂಸಿನ ಮುಖಾ ಸರಿ ಬರಾಕತ್ತೈತೇನ್ರಿ?" ಎಂದು ಕೇಳುತ್ತಿದ್ದಳು. "ಛಲೋ ಬರಾಕತ್ತೈತಿ, ನೀ ಈ ಕಡೆ ನೋಡಬ್ಯಾಡವ್ವ, ಕೂಸಿನ್ನ ನೋಡು" ಎಂದು ನಾನು ಕ್ಯಾಮೆರಾದ ಹಿಂದಿನಿಂದಲೇ ಗದರುತ್ತಿದ್ದೆ.

ಅವರ ಮನೆಯಲ್ಲಿ ಟಿವಿ ಇರಲಿಲ್ಲ. ಕ್ಯಾಸೆಟ್ಟು ನಿಮ್ಮ ಹತ್ತಿರವೇ ಇರಲಿ, ಟಿವಿ ತಂದಾಗ ಒಯ್ಯುತ್ತೇವೆ ಎಂದಳು. ಕ್ಯಾಸೆಟ್ಟಿನ ಬೆನ್ನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೊಂದು ಚಿತ್ರ ಹತ್ತುವುದಿಲ್ಲ. ನಾನು ಅವಳ ಎದುರಿಗೇ ಆ ಚೂರನ್ನು ಮುರಿದೆ. "ನೋಡವ್ವ, ಇನ್ನ ಇದನ್ನ ಯಾರೂ ಅಳಸಾಕ ಬರಂಗಿಲ್ಲ. ನನ್ನ ಹಂತೇಕ ಜ್ವಾಪಾನ ಇರ್ತೈತಿ" ಎಂದೆ. ಆ ಚೂರನ್ನು ಅವಳು ನನ್ನ ಕೈಯಿಂದ ಇಸಿದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು.

ಒಂದೂವರೆ ವರ್ಷದ ಮೇಲೆ ಯಲಬುರ್ಗಾದಲ್ಲಿ ನನ್ನ ತಮ್ಮನ ಮದುವೆ. ಬೆಳಿಗ್ಗೆ ಬಾಗಿಲ ಮುಂದೆ ಟೆಂಪೊ ನಿಂತು ಹಾರ್ನ್ ಹೊಡೆಯುತ್ತಿತ್ತು. ಚೀಲ ತುಂಬುವಾಗ ನೋಡಿದರೆ ಒಂದು ಕ್ಯಾಸೆಟ್ಟು ಕಡಿಮೆ. ದಾರಿಯಲ್ಲಿ ಬಜಾರಿನ ಅಂಗಡಿಯ ಮುಂದೆ ಎರಡು ನಿಮಿಷ ಟೆಂಪೊ ನಿಲ್ಲಿಸಿದ್ದರೆ ಹೊಸದು ಸಿಗುತ್ತಿತ್ತು. ನಾನು ಕಪಾಟಿನಿಂದ ಶಾರದಾಳ ತೊಟ್ಟಿಲಿನ ಕ್ಯಾಸೆಟ್ಟು ತೆಗೆದುಕೊಂಡೆ. ಚೂರು ಮುರಿದ ಜಾಗಕ್ಕೆ ಅಂಟುಪಟ್ಟಿ ಹಚ್ಚಿದರೆ ಮತ್ತೆ ಚಿತ್ರ ಹತ್ತುತ್ತದೆ. ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತು, ಅವಳಿಗೆ ಗೊತ್ತಿರಲಿಲ್ಲ. ಕೂಸು ಹೇಗೂ ಓಣಿಯಲ್ಲೇ ಆಡುತ್ತಿದೆ, ಹುಟ್ಟಿದ ದಿನಕ್ಕೆ ಇನ್ನೊಮ್ಮೆ ತೆಗೆದುಕೊಟ್ಟರಾಯಿತು ಎಂದುಕೊಂಡೆ. ತೊಟ್ಟಿಲಿನ ಮೇಲೆ ತಮ್ಮನ ಮದುವೆಯ ಆಹೇರಿ ಕೂತಿತು. ಬೀಗರು ಒಬ್ಬೊಬ್ಬರಾಗಿ ಬಂದು ಸೀರೆ, ಪಾತ್ರೆ ಕೊಡುವುದು, ಮೈಕಿನಲ್ಲಿ ಅವರ ಹೆಸರು ಕೂಗುವುದು, ಎಲ್ಲವೂ ಕ್ಯಾಸೆಟ್ಟಿನ ಮೊದಲಿನಿಂದ ಕೊನೆಯವರೆಗೆ.

ಮುಂದಿನ ಶ್ರಾವಣದಲ್ಲಿ ಆ ಕೂಸು ಎರಡೇ ದಿನದ ಜ್ವರಕ್ಕೆ ಹೋಯಿತು.

ದಿನಕರ್ಮ ಮುಗಿದ ಮೇಲೆ ಅವಳು ಅಂಗಡಿಗೆ ಬಂದಳು. ಗಿಣಿಗೇರಿಯಲ್ಲಿ ತನ್ನ ಅಣ್ಣನ ಮನೆಯಲ್ಲಿ ಟಿವಿ, ವಿಸಿಆರ್ ಇವೆ, ಅಲ್ಲಿ ಹಾಕಿ ನೋಡುತ್ತೇನೆ ಎಂದಳು. ಆ ಕೂಸಿನದು ಒಂದು ಫೋಟೊ ಕೂಡ ಇರಲಿಲ್ಲ. ಆಗಲೇ ಕಾಲಿಗೆ ಬಿದ್ದು ತಪ್ಪಾಯಿತು ಎನ್ನಬೇಕಿತ್ತು. ನಾಳೆ ಬಾ ಎಂದು ಕಳಿಸಿದೆ. ರಾತ್ರಿ ಒಂದು ಹೊಸ ಖಾಲಿ ಕ್ಯಾಸೆಟ್ಟು ತೆಗೆದು, 'ಶಾರದಾಳ ತೊಟ್ಟಿಲು' ಎಂದು ನಾನೇ ಬರೆದಿದ್ದ ಚೀಟಿಯನ್ನು ಬಿಡಿಸಿ ಅದಕ್ಕೆ ಅಂಟಿಸಿದೆ. ಅದರ ಚೂರನ್ನೂ ಮುರಿದೆ. ಮರುದಿನ ಅವಳು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು.

ನಾಲ್ಕು ದಿನದ ಮೇಲೆ ಅತ್ತೆಯ ಜೊತೆ ವಾಪಸು ಬಂದಳು. ಹಾಕಿ ನೋಡಿದರೆ ಬರೀ ಮರಳು ಹಾರಿದಂತೆ ಕಾಣುತ್ತದೆ ಎಂದಳು. ನಾನು ಕ್ಯಾಸೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಹಾಗೆ ಮಾಡಿದೆ.

"ಒಯ್ಯೂ ತನಕ ಇದನ್ನ ಎಲ್ಲಿ ಇಟ್ಟಿದ್ದಿ?" 

"ದೇವರ ಮಾಡದಾಗ ಇಟ್ಟಿದ್ನ್ರಿ." 

"ಬಾಜೂಕ ಏನೈತಿ?" 

"ರೇಡಿಯೊ ಐತ್ರಿ." 

ನನಗೆ ಅಷ್ಟೇ ಬೇಕಾಗಿತ್ತು. "ರೇಡಿಯೊದಾಗ ಅಯಸ್ಕಾಂತ ಇರ್ತೈತೆವ್ವ. ಅದು ಎಲ್ಲಾ ಎಳದ ಬಿಟ್ಟೈತಿ. ಮೊದಲ ನನ್ನ ಒಂದ ಮಾತ ಕೇಳಬೇಕಿತ್ತು" ಎಂದೆ.

ಅತ್ತೆ ಅಲ್ಲೇ, ಅಂಗಡಿಯಲ್ಲಿದ್ದ ಗಿರಾಕಿಗಳ ಮುಂದೆಯೇ, "ಕೂಸು ನುಂಗಿದ್ದು ಸಾಲದಂತ ಅದರ ಚಿತ್ರಾನೂ ನುಂಗಿದ್ಲು ನೋಡ್ರಿ ಈಕಿ" ಎಂದಳು. ಅವಳು ಅಳಲಿಲ್ಲ. "ದನಿಯಾದ್ರೂ ಸ್ವಲ್ಪ ಉಳಿದಿರಂಗಿಲ್ಲೇನ್ರಿ ಅಣ್ಣಾರ?" ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ. ಆಮೇಲೆ ಎಷ್ಟೋ ದಿನ ಆ ಓಣಿಯಲ್ಲಿ ನೀರಿಗೆ ನಿಂತಾಗ, ಜಗಳ ಬಂದಾಗ ಅತ್ತೆ ಅದೇ ಮಾತನ್ನು ಎತ್ತಿ ಅವಳಿಗೆ ಅನ್ನುವುದು ನಮ್ಮ ಹಿತ್ತಲಿಗೆ ಕೇಳಿಸುತ್ತಿತ್ತು. ನಾನು ಎದ್ದು ಒಳಗೆ ಬರುತ್ತಿದ್ದೆ. ಅತ್ತೆ ಸತ್ತ ಮೇಲೆ ಗಂಡ ಹೆಂಡತಿ ಗಂಗಾವತಿಯ ಕಡೆ ಭತ್ತದ ಗಿರಣಿಗೆ ದುಡಿಯಲು ಹೋದರು. ಅವರ ಸಾಮಾನು ತುಂಬಿದ ಗಾಡಿ ತಿರುವಿನಲ್ಲಿ ಮರೆಯಾದಾಗ ನನಗೆ ಹಗುರವೆನ್ನಿಸಿತು. ಅದನ್ನೂ ಮುಚ್ಚಿಡುವುದಿಲ್ಲ.

ಮುಂದೆ ಡಿಸ್ಕಿನ ಕಾಲ ಬಂತು. ತಮ್ಮನ ಮದುವೆಯ ಕ್ಯಾಸೆಟ್ಟುಗಳನ್ನು ನಾನೇ ಮೂರು ಡಿಸ್ಕಿಗೆ ಇಳಿಸಿದೆ. ಆಹೇರಿ ಎರಡನೆಯದರಲ್ಲಿ ಬಂತು. ಬೂಸಲು ಹಿಡಿದ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಸುಟ್ಟೆವು. ದೀಪಾವಳಿಗೆ ತಮ್ಮ ಬಂದಾಗಲೆಲ್ಲ ಆ ಡಿಸ್ಕುಗಳನ್ನು ಹಾಕಿ ನೋಡುತ್ತಿದ್ದೆವು. ಹತ್ತು ಸಲವಾದರೂ ನೋಡಿದ್ದೇನೆ. ಎರಡನೇ ಡಿಸ್ಕಿನಲ್ಲಿ ಆಹೇರಿ ಬಿಟ್ಟರೆ ಬೇರೇನೂ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ಸೊಸೆ, ಅವಳು ಹೈಸ್ಕೂಲಿನಲ್ಲಿ ಟೀಚರು, ಮನೆಯಲ್ಲಿ ಒಂದು ಹೊಸ ಏರ್ಪಾಡು ಮಾಡಿದಳು. ಮಹಡಿಯ ಕೋಣೆಯ ಗೋಡೆಗೆ ಅಂಗೈಯಗಲದ ಒಂದು ಕರೀ ಪೆಟ್ಟಿಗೆ. ಡಿಸ್ಕುಗಳನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ ಅದಕ್ಕೆ ಇಳಿಸಿದರೆ ಆಯಿತು. ಪಡಸಾಲೆಯ ಟಿವಿ, ಮಗನ ಕೋಣೆಯ ಟಿವಿ, ಅಡುಗೆಮನೆಯಲ್ಲಿ ಸೊಸೆ ಇಟ್ಟುಕೊಂಡ ಫೋನು, ಎಲ್ಲಿ ಬೇಕಾದರೂ ಬೇಕಾದ ಚಿತ್ರ ನೋಡಬಹುದು. ಡಿಸ್ಕು ಹುಡುಕುವ, ಒರೆಸುವ ಕೆಲಸವೇ ಇಲ್ಲ.

"ಮಾವಾರ, ನಿಮ್ಮ ಇಡೀ ಅಂಗಡಿ ಈಗ ಒಂದು ಬೆಂಕಿಪೆಟ್ಟಿಗಿಯೊಳಗ ಹಿಡಿತೈತಿ ನೋಡ್ರಿ" ಎಂದಳು. 

"ಹಿಡೀಲಿ, ಕಡ್ಡಿ ಮಾತ್ರ ಕೊರಿಬ್ಯಾಡ್ರಿ" ಎಂದೆ. 

ಕೆಲಸ ನನ್ನ ಪಾಲಿಗೆ ಬಂತು. ಖುಷಿಯಿಂದಲೇ ಒಪ್ಪಿಕೊಂಡೆ. ಎರಡು ಟ್ರಂಕು ಡಿಸ್ಕುಗಳು. ದಿನಾ ಊಟವಾದ ಮೇಲೆ ಮಹಡಿಗೆ ಹೋಗಿ, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಒಂದೊಂದನ್ನೇ ಹಾಕುತ್ತಿದ್ದೆ. ಇಳಿಯುತ್ತಿರುವಾಗಲೇ ಅದು ಕೆಳಗಿನ ಟಿವಿಯಲ್ಲೂ ಕಾಣುವಂತೆ ಸೊಸೆ ಜೋಡಿಸಿಕೊಟ್ಟಿದ್ದಳು, ಏಕೆಂದರೆ ನನ್ನ ಹೆಂಡತಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವುದು ಕಷ್ಟ. ಅವಳು ಕೆಳಗೆ ಪಡಸಾಲೆಯಲ್ಲಿ ಕುಳಿತು ನೋಡುತ್ತ, "ಅಯ್ಯ, ಎಷ್ಟು ಸಣ್ಣ ಇದ್ದೆ ನಾನು!" ಎಂದು ಕೂಗಿ ಹೇಳುತ್ತಿದ್ದಳು.

ಅದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಸುಮಾರು ಮೂರು ಗಂಟೆ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ತಮ್ಮನ ಮದುವೆಯ ಎರಡನೇ ಡಿಸ್ಕು ಹಾಕಿದೆ. ಮೈಕಿನಲ್ಲಿ ಹೆಸರು ಕೂಗುವುದು ಶುರುವಾಯಿತು. ನಾನು ಮುಂದಿನ ಡಿಸ್ಕು ಒರೆಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮೈಕಿನ ಸದ್ದು ನಿಂತಿತು. ಡಿಸ್ಕು ಹಾಳಾಗಿರಬೇಕೆಂದು ತಲೆಯೆತ್ತಿದೆ.

ಪರದೆಯ ಮೇಲೆ ತೊಟ್ಟಿಲು ಇತ್ತು. ಗುಂಡಕಲ್ಲಿಗೆ ಕುಂಕುಮ ಹಚ್ಚುತ್ತಿದ್ದರು.

ಚಿತ್ರ ಮಸುಕಾಗಿರಲಿಲ್ಲ, ಹಳೆಯ ಟೇಪಿನ ನೆರಳಿನ ಹಾಗೆ ಅಲುಗಲೂ ಇಲ್ಲ. ಆ ದಿನ ಕ್ಯಾಮೆರಾದಲ್ಲಿ ಕಂಡಷ್ಟೇ ನಿಚ್ಚಳವಾಗಿತ್ತು. ಸೋದರತ್ತೆ ಬಗ್ಗಿದಳು. ಹೆಂಗಸರು ಗುದ್ದಿದರು. ಬೆಳ್ಳಿ ಉಡದಾರದ ಮಾತು ಬಂತು, ನಗು ಬಂತು. ಅವಳು ನನ್ನ ಕಡೆ ತಿರುಗಿ, "ಅಣ್ಣಾರ, ಕೂಸಿನ ಮುಖಾ ಸರಿ ಬರಾಕತ್ತೈತೇನ್ರಿ?" ಎಂದಳು. ಅದಕ್ಕೆ ಉತ್ತರವಾಗಿ ನನ್ನದೇ ದನಿ, ಆಗಿನ ಗಟ್ಟಿ ದನಿ, "ಛಲೋ ಬರಾಕತ್ತೈತಿ" ಎಂದಿತು. ನನ್ನ ಕೈಯಲ್ಲಿದ್ದ ಡಿಸ್ಕು ಕೆಳಗೆ ಬಿತ್ತು.

ಆಗ ಕೆಳಗಿನಿಂದ ಹೆಂಡತಿ ಕೂಗಿದಳು. "ಏನ್ರೀ! ಆ ಹಿಂದಿನ ಓಣಿ ಕೂಸಿನ ತೊಟ್ಟಿಲ ಬರಾಕತ್ತೈತಲ್ರಿ! ರೇಡಿಯೊ ಬಾಜೂಕ ಇಟ್ಟು ಅಳಿಸೇತಿ ಅಂದಿದ್ರಿ? ಇದು ನಿಮ್ಮ ತಮ್ಮನ ಲಗ್ನದಾಗ ಹೆಂಗ ಬಂತ್ರಿ?"

ಮೊದಲು ನನಗೆ ಹೆದರಿಕೆಯಾದದ್ದು ಆ ಚಿತ್ರಕ್ಕಲ್ಲ, ಹೆಂಡತಿಯ ಪ್ರಶ್ನೆಗೆ. ಇಷ್ಟು ವರ್ಷ ಅವಳಿಗೂ ನಾನು ರೇಡಿಯೊದ ಕಥೆಯನ್ನೇ ಹೇಳಿದ್ದೆ. ಅವಳು ಮೊಣಕಾಲು ನೋವಿನಲ್ಲೇ ಮೆಟ್ಟಿಲು ಹತ್ತುವ ಸದ್ದು ಕೇಳಿತು. ನಾನು ನಿಲ್ಲಿಸುವ ಗುಂಡಿ ಒತ್ತಿದೆ. ಕಂಪ್ಯೂಟರು ಒಂದು ಪ್ರಶ್ನೆ ಕೇಳಿತು. ಅರ್ಧ ಇಳಿದ ಚಿತ್ರವಿದೆ, ಉಳಿಸಲೋ ಅಳಿಸಲೋ ಎಂದು. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು. ನಾನು ಅಳಿಸು ಎಂಬುದನ್ನು ಒತ್ತಿದೆ.

ಓದುವವರೇ, ನಾನು ಹೇಳಬೇಕೆಂದು ಇಷ್ಟು ದಿನ ತಡವರಿಸಿದ್ದು ಇದನ್ನೇ. ಮೊದಲ ಸಲ ಅಳಿಸಿದಾಗ ಕೂಸು ಬದುಕಿತ್ತು, ಅವಸರವಿತ್ತು ಎಂದು ಸಮಾಧಾನ ಹೇಳಿಕೊಂಡಿದ್ದೆ. ಎರಡನೇ ಸಲ ಅಳಿಸಿದಾಗ ಯಾವ ಅವಸರವೂ ಇರಲಿಲ್ಲ. ಆ ತಾಯಿ ದನಿಯಾದರೂ ಸಾಕು ಎಂದು ಕೇಳಿದ್ದು, ಮುಖ ದನಿ ಎರಡೂ, ನನ್ನ ಮುಂದೆ ಬಂದು ನಿಂತಿತ್ತು.

ಹೆಂಡತಿ ಬಂದು ಬಾಗಿಲು ಹಿಡಿದು ನಿಂತಳು. ಪರದೆ ಖಾಲಿ ಇತ್ತು. ನನ್ನ ಮುಖ ನೋಡಿದಳು. 

"ಆ ಕ್ಯಾಸೆಟ್ಟಿನ ಮ್ಯಾಲ ನಿಮ್ಮ ತಮ್ಮನ ಲಗ್ನ ತಗದಿದ್ರಿ, ಹೌದಿಲ್ಲೋ?" ಎಂದಳು. "ರೇಡಿಯೊ ಅಂತ ಆ ಮುದುಕಿ ಸಾಯೂ ತನಕ ಸೊಸಿನ್ನ ಹರಕೊಂಡ ತಿಂದ್ಲು. ನಾವಿಬ್ರೂ ಹಿತ್ತಲದಾಗ ಕೂತು ಕೇಳಿದ್ವಿ" ಎಂದಳು. ನೆಲದ ಮೇಲೆ ಬಿದ್ದಿದ್ದ ಡಿಸ್ಕನ್ನು ಎತ್ತಿ ಮೇಜಿನ ಮೇಲಿಟ್ಟು, ಗೋಡೆ ಹಿಡಿದುಕೊಂಡು ಕೆಳಗಿಳಿದಳು.

ಅವಳು ಇಳಿದ ಮೇಲೆ ಎರಡನೇ ಡಿಸ್ಕನ್ನು ಮತ್ತೆ ಹಾಕಿದೆ. ಆಹೇರಿ. ಮೊದಲಿನಿಂದ ಕೊನೆಯವರೆಗೆ ಆಹೇರಿ. ಸಂಜೆಯವರೆಗೆ ನಾಲ್ಕು ಸಲ ಹಾಕಿದೆ. ಕೊಪ್ಪಳದಲ್ಲಿ ಕಂಪ್ಯೂಟರು ರಿಪೇರಿ ಮಾಡುವವನೊಬ್ಬನ ಹತ್ತಿರ ಅಳಿಸಿದ್ದನ್ನು ಮರಳಿ ತೆಗೆಯಲು ಕೇಳಿದೆ. ಅವನು ಪೆಟ್ಟಿಗೆಯನ್ನು ಎರಡು ದಿನ ಇಟ್ಟುಕೊಂಡು, ಸಿಕ್ಕ ತುಣುಕಿನಲ್ಲಿಯೂ ಆಹೇರಿಯೇ ಇದೆ ಎಂದು ಕೊಟ್ಟ. ಹಳೆಯ ಟೇಪಿನಲ್ಲಿ ಉಳಿದ ಚಿತ್ರ ಡಿಸ್ಕಿಗೆ ಬಂದಿರಬಹುದಲ್ಲ ಎಂದು ಕೇಳಿದ. ಹಾಗೆ ಬಂದಿದ್ದರೆ ಹತ್ತು ದೀಪಾವಳಿಯಲ್ಲಿ ಯಾಕೆ ಕಾಣಲಿಲ್ಲ, ಈಗ ಎಲ್ಲಿ ಹೋಯಿತು ಎಂದು ನಾನು ಕೇಳಿದೆ. ಅವನು ನಕ್ಕ. ನಾನು ಕುಷ್ಟಗಿಯವರನ್ನು ನೋಡಿ ನಕ್ಕಂತೆಯೇ ನಕ್ಕ. ನನಗೊಬ್ಬನಿಗೇ ಕಂಡಿದ್ದರೆ ಮುದಿ ಮನಸ್ಸಿನ ಭ್ರಮೆ ಎಂದು ಬಿಟ್ಟುಬಿಡುತ್ತಿದ್ದೆ. ಆದರೆ ಹೆಂಡತಿ ಬೇರೆ ಕೋಣೆಯಲ್ಲಿ, ಬೇರೆ ಟಿವಿಯಲ್ಲಿ ನೋಡಿದ್ದಾಳೆ. ಕೂಸಿಗೆ ಹಸಿರು ಕುಲಾವಿ ಹಾಕಿದ್ದರು ಎಂದು ಇವತ್ತಿಗೂ ಹೇಳುತ್ತಾಳೆ. ಹಸಿರು ಕುಲಾವಿಯೇ ಹಾಕಿದ್ದರು.

ಹೆಂಡತಿಯ ಒತ್ತಾಯಕ್ಕೆ ಎರಡು ತಿಂಗಳ ಮೇಲೆ ಆ ಕೂಸಿನ ತಾಯಿಯನ್ನು ಹುಡುಕಿಕೊಂಡು ಗಂಗಾವತಿಗೆ ಹೋದೆ. ಅವಳ ಗಂಡ ತೀರಿಕೊಂಡಿದ್ದ. ಗಿರಣಿಯ ಹತ್ತಿರ ಸಣ್ಣ ಮನೆ, ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, "ಅಣ್ಣಾರ? ವಿಡಿಯೊ ಅಣ್ಣಾರಲ್ರಿ? ಒಳಗ ಬರ್ರಿ, ಬಿಸಲಾಗ ನಿಂತೀರಲ್ಲ!" ಎಂದು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಎದ್ದಳು. ಚಾಪೆ ಹಾಸಿದಳು. ಚಹಾ ಇಟ್ಟಳು. ಮಾತು ಎಲ್ಲಿಂದ ಶುರುಮಾಡಲಿ ಎಂದು ಗೋಡೆಗಳನ್ನು ನೋಡಿದೆ. ಒಂದು ಗೋಡೆಯಲ್ಲಿ ದೇವರ ಮಾಡ. ಅದರ ಸುತ್ತ ಬರೀ ಗೋಡೆ. ಸಣ್ಣ ಟಿವಿಯೊಂದು ತೀರಾ ಎದುರಿನ ಮೂಲೆಯಲ್ಲಿತ್ತು. ನಾನು ನೋಡುವುದನ್ನು ಅವಳೂ ನೋಡಿದಳು.

"ದೇವರ ಹಂತೇಕ ಏನೂ ಇಡಂಗಿಲ್ರಿ ಅಣ್ಣಾರ. ಯಾರಾರ ಬಂದವರು ಮೊಬೈಲ ಇಟ್ರೂ ತಗಸ್ತೀನಿ. ಒಮ್ಮಿ ಬುದ್ಧಿ ಬಂದೈತಲ್ರಿ" ಎಂದಳು. ಚಹಾ ಸೋಸುತ್ತ, "ನೀವು ಪಾಪ ಎಷ್ಟ ಕಾಳಜಿಯಿಂದ ಅದನ್ನ ಮುರದು, ಯಾರೂ ಅಳಸಂಗಿಲ್ಲ ಅಂತ ಕೊಟ್ಟಿದ್ರಿ. ನಾನ ಹಾಳ ಮಾಡ್ಕೊಂಡೆ. ನಿಮಗೂ ಅವತ್ತ ಭಾಳ ಬ್ಯಾಸರ ಆಗಿತ್ತು, ಮುಖದ ಮ್ಯಾಲ ಕಾಣ್ತಿತ್ತು. ತಪ್ಪಾತ್ರಿ ಅಂತ ಅನ್ನಾಕ ನನಗ ಬಾಯಿ ಬರಲಿಲ್ಲ" ಎಂದಳು. ದೇವರ ಮಾಡದಲ್ಲಿ ಕುಂಕುಮದ ಬಟ್ಟಲಿನ ಪಕ್ಕ ಒಂದು ಕರೀ ಪ್ಲಾಸ್ಟಿಕ್ ಚೂರು ಇತ್ತು.

ನಾನು ಚಹಾ ಕುಡಿದೆ. ಮಳೆ ಹೇಗೆ, ರೊಟ್ಟಿಗೆ ಎಷ್ಟು ಗಿರಾಕಿ ಎಂದು ಕೇಳಿದೆ. ಬರುತ್ತೇನೆ ಎಂದು ಎದ್ದು ಬಂದೆ. ಅವಳು ಹತ್ತು ರೊಟ್ಟಿ ಕಟ್ಟಿಕೊಟ್ಟಳು. ಬೇಡ ಎನ್ನುವುದಕ್ಕೂ ಬಾಯಿ ಬರಲಿಲ್ಲ.

"ಹೇಳಿದ್ರಿ?" ಎಂದು ಹೆಂಡತಿ ಬಾಗಿಲಲ್ಲೇ ಕೇಳಿದಳು. ರೊಟ್ಟಿಯ ಗಂಟನ್ನು ಅವಳ ಕೈಗೆ ಕೊಟ್ಟೆ.

ಈಗ ನಮ್ಮ ಮನೆಯಲ್ಲಿ ಯಾವ ಟಿವಿ ಹಚ್ಚಿದರೂ ಆ ಪೆಟ್ಟಿಗೆಯೊಳಗಿನ ಎಲ್ಲ ಕಾರ್ಯಗಳ ಪಟ್ಟಿ ಬರುತ್ತದೆ. ಎರಡನೇ ಡಿಸ್ಕನ್ನು ಮಾತ್ರ ನಾನು ಇಳಿಸಿಲ್ಲ. ಮನೆಯವರು ಮಲಗಿದ ಮಧ್ಯಾಹ್ನಗಳಲ್ಲಿ ಹಾಕಿ ಕೂರುತ್ತೇನೆ, ಈ ಸಲ ಉಳಿಸು ಎಂಬುದರ ಮೇಲೆಯೇ ಬೆರಳಿಟ್ಟುಕೊಂಡು. ಆಹೇರಿ ಬರುತ್ತದೆ, ಮುಗಿಯುತ್ತದೆ. ಆ ತೊಟ್ಟಿಲು ಅವತ್ತು ಹೇಗೆ ಬಂತು, ಯಾಕೆ ಬಂತು, ನನಗೆ ಇವತ್ತಿಗೂ ತಿಳಿದಿಲ್ಲ.

ಓಣಿಯಲ್ಲಿ ನಾವೆಲ್ಲ ಅವಳನ್ನು ಶಾರದಾನ ಅವ್ವ ಎಂದೇ ಕರೆಯುತ್ತಿದ್ದೆವು. ಕೂಸು ಹೋದ ಮೇಲೆ ಹೇಗೆ ಕರೆಯಬೇಕೋ ತಿಳಿಯದೆ ಏನೂ ಕರೆಯುವುದನ್ನೇ ಬಿಟ್ಟೆವು. ಇಷ್ಟು ಬರೆದರೂ ನಾನೂ ಅವಳು, ಅವಳು ಎಂದೇ ಬರೆದುಕೊಂಡು ಬಂದೆ. ಅವಳ ಹೆಸರು ಹುಲಿಗೆವ್ವ.